ದುಡಿಸಿದರೆ ಬಾಳುವ ತಂಪು

ಜೋಪಾನ ಮಾಡುವುದೆಂದರೆ ಎತ್ತಿಡುವುದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ರೇಷ್ಮೆ ಸೀರೆ ಬೀರುವಿನ ತಳದಲ್ಲಿರುತ್ತದೆ, ಬೆಳ್ಳಿ ಲೋಟ ಟ್ರಂಕಿನಲ್ಲಿರುತ್ತದೆ, ಪಿಂಗಾಣಿ ಬಟ್ಟಲುಗಳು ಗಾಜಿನ ಕಪಾಟಿನೊಳಗೆ ಕುಳಿತು ನೆಂಟರ ದಾರಿ ಕಾಯುತ್ತವೆ. ಬಳಸಿದರೆ ಸವೆಯುತ್ತದೆ, ಇಟ್ಟರೆ ಉಳಿಯುತ್ತದೆ ಎಂಬುದು ಬಡತನ ಕಲಿಸಿದ ಬುದ್ಧಿ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಇಟ್ಟರೇ ಕೆಡುವ ವಸ್ತುಗಳೂ ಪ್ರಪಂಚದಲ್ಲಿವೆ. ಕಾರಿನ ಎ.ಸಿ. ಅಂಥದ್ದೊಂದು. ಅದು ಹಾಗೇಕೆ ಎಂದು ಹುಡುಕುತ್ತ ಹೋದರೆ ಒಂದು ಸ್ವಾರಸ್ಯವಾದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಕಾರೆಂಬುದು ನಿಧಾನವಾಗಿ ನಮ್ಮಂಥವರ ಬೀದಿಗಳಿಗೂ ಬಂತು. ಎ.ಸಿ. ಇರುವ ಮಾದರಿಯೂ ಬಂತು. ದಾವಣಗೆರೆಯಲ್ಲಿದ್ದ ನಮ್ಮ ಸೋದರಮಾವ ಅಂಥದ್ದೊಂದನ್ನು ಕೊಂಡರು. ಎ.ಸಿ. ಹಾಕಿದರೆ ಪೆಟ್ರೋಲು ಕುಡಿಯುತ್ತದೆಂದು ಅದನ್ನು ಮದುವೆ ಮುಂಜಿಗಳಿಗೆ ಮೀಸಲಿಟ್ಟರು. ಪ್ರತಿ ಏಪ್ರಿಲ್‌ನಲ್ಲೂ ಗುಂಡಿ ಒತ್ತಿದರೆ ಬರುತ್ತಿದ್ದುದು ಬಿಸಿಗಾಳಿ. ಗ್ಯಾರೇಜಿನಲ್ಲಿ 'ಗ್ಯಾಸ್ ಹೋಗಿದೆ' ಎಂಬ ಉತ್ತರ.

"ವರ್ಷಕ್ಕೆ ನಾಕು ಸಲ ಹಾಕಿಲ್ಲ, ಗ್ಯಾಸ್ ಖಾಲಿ ಆಗೋದು ಹೆಂಗಪ್ಪಾ?" ಎಂದು ಮಾವ ರೇಗಿದರು.

"ಹಾಕ್ದೇ ಇದ್ದಿದ್ದಕ್ಕೇ ಹೋಗಿರೋದು ಯಜಮಾನ್ರೇ. ವಾರಕ್ಕೊಂದ್ಸಲ ಹತ್ತು ನಿಮಿಷ ಓಡಿಸಿ ಸಾಕು" ಎಂದ ಮೆಕ್ಯಾನಿಕ್.

ಮಾವ ನಂಬಲಿಲ್ಲ. ಗಿರಾಕಿಯನ್ನು ಮಂಕು ಮಾಡುವ ಮಾತೆಂದೇ ಭಾವಿಸಿದರು. ಆದರೆ ಆತ ಹೇಳಿದ್ದು ಸತ್ಯ.

ಗ್ಯಾಸ್ ಎಂಬುದು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರಿನಲ್ಲಿ ಒತ್ತಡಕ್ಕೆ ಸಿಕ್ಕಿ, ಕಾರಿನ ಮುಂದಿನ ಜಾಲರಿಯಲ್ಲಿ ಕಾವು ಕಳೆದುಕೊಂಡು ದ್ರವವಾಗಿ, ಒಳಗಿನ ಕೊಳವೆಗಳಲ್ಲಿ ಮತ್ತೆ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಂಡು ಅದು ಸುತ್ತುತ್ತಲೇ ಇರುತ್ತದೆ. ಹೋಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಎಲ್ಲಿ ಸೋರುತ್ತದೆ ಎಂಬುದರಲ್ಲೇ ಕಥೆಯ ಗುಟ್ಟಿದೆ.

1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಗಾಳಿಯ ತೇವವನ್ನು ಹದದಲ್ಲಿಡುವ ಯಂತ್ರ ರೂಪಿಸಿಕೊಟ್ಟ. ಮನುಷ್ಯರ ಸುಖಕ್ಕಲ್ಲ, ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ತಪ್ಪದಿರಲೆಂದು! ಆಗ ತಂಪು ಮಾಡಲು ಬಳಸುತ್ತಿದ್ದ ಅಮೋನಿಯಾ, ಸಲ್ಫರ್ ಡಯಾಕ್ಸೈಡ್‌ಗಳು ವಿಷಗಾಳಿಗಳು. ಇವುಗಳಿಗೆ ಬದಲಿಯಾಗಿ ಥಾಮಸ್ ಮಿಜ್‌ಲಿ ಮತ್ತು ಸಂಗಡಿಗರು ಫ್ರಿಯಾನ್ ಎಂದು ಹೆಸರಾದ ಅನಿಲವನ್ನು ಕಂಡುಹಿಡಿದರು. 1930ರ ಸಭೆಯೊಂದರಲ್ಲಿ ಮಿಜ್‌ಲಿ ಅದನ್ನು ತಾನೇ ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಉರಿಯುವ ದೀಪ ಆರಿಸಿ ತೋರಿಸಿದ. ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಸಭೆಗೆ ಇನ್ನೇನು ಬೇಕು?

ಈ ಧೈರ್ಯದ ಮೇಲೆ ತಂಪು ಕಾರಿಗೂ ಏರಿತು. 1939ರ ನವೆಂಬರಿನಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಷಿಕಾಗೋದ ಪ್ರದರ್ಶನದಲ್ಲಿ ಎ.ಸಿ. ಕಾರನ್ನು ಮುಂದಿಟ್ಟಿತು. ಆ ಸೌಕರ್ಯಕ್ಕೆ 274 ಡಾಲರು ಹೆಚ್ಚುವರಿ ಬೆಲೆ. ಯಂತ್ರವು ಹಿಂದಿನ ಡಿಕ್ಕಿಯ ಅರ್ಧದಷ್ಟು ಜಾಗ ನುಂಗುತ್ತಿತ್ತು. ತಮಾಷೆಯೆಂದರೆ, ಕಂಪ್ರೆಸರನ್ನು ನಿಲ್ಲಿಸಲು ಗುಂಡಿಯೇ ಇರಲಿಲ್ಲ. ಎಂಜಿನ್ ತಿರುಗಿದರೆ ಅದೂ ತಿರುಗುತ್ತಿತ್ತು. ಬೇಡವೆಂದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಿಡಬೇಕು. ಕೊಳ್ಳುವವರು ಕಡಿಮೆಯಾಗಿ ಕೆಲವೇ ವರ್ಷಗಳಲ್ಲಿ ಪ್ಯಾಕಾರ್ಡ್ ಅದನ್ನು ಕೈಬಿಟ್ಟಿತು. 1954ರಲ್ಲಿ ನ್ಯಾಷ್ ಕಂಪನಿ ಇಡೀ ಏರ್ಪಾಡನ್ನು ಬಾನೆಟ್ಟಿನ ಕೆಳಗೂ ಡ್ಯಾಷ್‌ಬೋರ್ಡಿನ ಹಿಂದೂ ಅಡಕವಾಗಿ ಕೂರಿಸಿತು. ಬೆಲ್ಟು ಸದಾ ತಿರುಗುತ್ತಿದ್ದರೂ ಬೇಕಾದಾಗ ಮಾತ್ರ ಕಂಪ್ರೆಸರನ್ನು ಹಿಡಿದುಕೊಳ್ಳುವ ವಿದ್ಯುತ್ ಕ್ಲಚ್ಚು ರೂಢಿಗೆ ಬಂತು. ತಂಪನ್ನು ಒಂದು ಬೆರಳಿನಿಂದ ನಿಲ್ಲಿಸುವ ಅನುಕೂಲ ಸಿಕ್ಕಿತು. ಜೊತೆಗೇ, ತಿಂಗಳುಗಟ್ಟಲೆ ನಿಲ್ಲಿಸಿಯೇ ಇಡುವ ಅನುಕೂಲವೂ!

ಮನೆಯ ಫ್ರಿಜ್ಜಿಗೂ ಕಾರಿನ ಎ.ಸಿ.ಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. 1920ರ ದಶಕದಲ್ಲೇ ಫ್ರಿಜ್ಜಿನ ಮೋಟಾರು, ಕಂಪ್ರೆಸರುಗಳೆರಡನ್ನೂ ಒಂದೇ ಉಕ್ಕಿನ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿಬಿಡುವ ವಿದ್ಯೆ ಬಂತು. ಒಳಗಿನಿಂದ ಹೊರಗೆ ಬರುವುದು ತಂತಿ ಮತ್ತು ಕೊಳವೆ ಮಾತ್ರ. ಕಾರಿನಲ್ಲಿ ಹಾಗೆ ಮಾಡಲಾಗಲಿಲ್ಲ. ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನು, ನಡುವೆ ಬೆಲ್ಟು. ಹಾಗಾಗಿ ತಿರುಗುವ ಒಂದು ಉಕ್ಕಿನ ದಂಡ ಗ್ಯಾಸ್ ತುಂಬಿದ ಡಬ್ಬಿಯಿಂದ ಹೊರಗೆ ಚಾಚಲೇಬೇಕು. ಅದು ಚಾಚುವ ತೂತನ್ನು ಒಂದು ಸೀಲು ಕಾಯುತ್ತದೆ. ಆ ಸೀಲನ್ನು ಕಾಯುವುದು ಎಣ್ಣೆ. ಆ ಎಣ್ಣೆಗೆ ಪ್ರತ್ಯೇಕ ಪಂಪಿಲ್ಲ. ಅದು ಗ್ಯಾಸಿನ ಜೊತೆಯಲ್ಲೇ ಕೊಳವೆಗಳಲ್ಲಿ ಓಡಾಡುತ್ತದೆ. ಎ.ಸಿ. ಓಡಿದರೆ ಎಣ್ಣೆ ಓಡುತ್ತದೆ, ಎಣ್ಣೆ ಓಡಿದರೆ ಸೀಲು ತೊಯ್ಯುತ್ತದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆ ಇಳಿದು, ಸೀಲಿನ ಮುಖ ಒಣಗಿ, ಕಣ್ಣಿಗೆ ಕಾಣದ ಸಂದಿಯಲ್ಲಿ ಗ್ಯಾಸು ಜಾರಿಕೊಳ್ಳುತ್ತದೆ.

ನಮ್ಮ ಕಾಲದ ಸೈಕಲ್ ಪಂಪನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅದರೊಳಗಿನ ಚರ್ಮದ ವಾಷರು ದಿನವೂ ಬಳಸುವ ಸೈಕಲ್ ಷಾಪಿನಲ್ಲಿ ವರ್ಷಾನುಗಟ್ಟಲೆ ಬಾಳುತ್ತಿತ್ತು. ಅಟ್ಟದ ಮೇಲಿಟ್ಟ ಪಂಪಿನಲ್ಲಿ ಅದೇ ವಾಷರು ಮುದುರಿ, ಎಷ್ಟು ಒತ್ತಿದರೂ ಗಾಳಿ ಹಿಡಿಯುತ್ತಿರಲಿಲ್ಲ. ಎರಡು ತೊಟ್ಟು ಎಣ್ಣೆ ಬಿಟ್ಟರೆ ಮತ್ತೆ ಜೀವ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ.

ಸೋರಿದರೆ ಹೋಗುವುದು ಮಾವನ ದುಡ್ಡಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಮಿಜ್‌ಲಿ ಉಸಿರೆಳೆದು ತೋರಿಸಿದ ಆ ಸಾಧು ಅನಿಲ ನೆಲದ ಮೇಲೆ ಮಾತ್ರ ಸಾಧುವಾಗಿತ್ತು. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು, ಅದು ಮೇಲೇರಿ ಸೂರ್ಯನ ಕಿರಣಕ್ಕೆ ಒಡೆದು ಓಜೋನ್ ಪದರವನ್ನು ತಿನ್ನುತ್ತದೆಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರದ ವರದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. 1995ರಲ್ಲಿ ಆ ಇಬ್ಬರಿಗೂ, ಕ್ರುಟ್ಸೆನ್ ಎಂಬವರಿಗೂ ನೊಬೆಲ್ ಬಂತು. ಮಾವನ ಕಾರಿನಿಂದ ವರ್ಷ ವರ್ಷ ಹಾರಿಹೋದದ್ದು ಇದೇ ಅನಿಲ. ಅದರ ಜಾಗಕ್ಕೆ ಬಂದ ಆರ್-134ಎ ಓಜೋನನ್ನು ಮುಟ್ಟುವುದಿಲ್ಲ ನಿಜ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಅದಕ್ಕೆಂದೇ 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದ ಬೇಕಾಯಿತು. ಕಾರಿನೊಳಗಿನ ತಂಪಿಗೆ ತುಂಬಿದ ಗ್ಯಾಸು ಹೊರಗೆ ಸೋರಿ ಊರನ್ನೇ ಕಾಯಿಸುವ ವಿಪರೀತ ಇದು.

ಹಾಗಾದರೆ ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ಚಳಿಯಿರಲಿ ಮಳೆಯಿರಲಿ, ವಾರಕ್ಕೊಮ್ಮೆ, ಹೋಗಲಿ ಹದಿನೈದು ದಿನಕ್ಕೊಮ್ಮೆಯಾದರೂ, ಹತ್ತು ನಿಮಿಷ ಎ.ಸಿ. ಓಡಿಸುವುದು. ಅದಕ್ಕೆ ಖರ್ಚಾಗುವ ಪೆಟ್ರೋಲು ಒಂದು ಸಲ ಗ್ಯಾಸ್ ತುಂಬಿಸುವ ಖರ್ಚಿನ ಮುಂದೆ ಏನೂ ಅಲ್ಲ. ಮಲೆನಾಡಿನ ಮಳೆಯಲ್ಲಿ ಕಾರು ಓಡಿಸುವವರಿಗೆ ಇನ್ನೊಂದು ಲಾಭವಿದೆ. ಎ.ಸಿ. ಗಾಳಿಯ ತೇವ ಹಿಂಡುವುದರಿಂದ ಮುಂದಿನ ಗಾಜಿಗೆ ಕವಿದ ಮಂಜು ಕ್ಷಣದಲ್ಲಿ ಬಿಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸುತ್ತ ಘಾಟಿ ಇಳಿಯುವ ಸಾಹಸ ತಪ್ಪುತ್ತದೆ. ಊರು ಮುಟ್ಟುವ ಎರಡು ನಿಮಿಷ ಮೊದಲು ಎ.ಸಿ. ನಿಲ್ಲಿಸಿ ಬರೀ ಫ್ಯಾನು ಬಿಟ್ಟರೆ ಒಳಗಿನ ತೇವ ಆರಿ, ಮುಗ್ಗಲು ವಾಸನೆಯೂ ಕಡಿಮೆಯಾಗುತ್ತದೆ. ಆದರೆ ಒಡೆದ ಕೊಳವೆಗೆ ಇದು ಮದ್ದಲ್ಲ. ಈಗಾಗಲೇ ಸೋರುತ್ತಿದ್ದರೆ ಸೋರುವ ಜಾಗ ಹುಡುಕಿಸದೆ ಬರೀ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ.

ಈಚಿನ ವಿದ್ಯುತ್ ಕಾರುಗಳಲ್ಲಿ ಬೆಲ್ಟೇ ಇಲ್ಲ. ಕಂಪ್ರೆಸರು ತನ್ನ ಮೋಟಾರಿನೊಂದಿಗೆ ಒಂದೇ ಡಬ್ಬಿಯಲ್ಲಿ ಮುಚ್ಚಿಕೊಂಡಿರುತ್ತದೆ, ಫ್ರಿಜ್ಜಿನಂತೆ. ಹೊರಚಾಚುವ ದಂಡವೂ ಇಲ್ಲ, ಒಣಗುವ ಆ ಸೀಲೂ ಇಲ್ಲ. ಮುಂದೊಂದು ದಿನ ಈ ಹತ್ತು ನಿಮಿಷದ ವ್ರತ ಯಾರಿಗೂ ಬೇಕಾಗದಿರಬಹುದು. ಅಲ್ಲಿಯವರೆಗೆ ಬೆಲ್ಟಿನ ಕಾರುಗಳು ಲಕ್ಷಗಟ್ಟಲೆ ನಮ್ಮ ರಸ್ತೆಗಳಲ್ಲಿರುತ್ತವೆ. ಅವುಗಳ ಪಾಲಿಗೆ ದುಡಿಸುವುದೇ ಜೋಪಾನ.