ರಾತ್ರಿ ವೇಳೆಯ ರೈಲು ಸಂಚಾರ: ಹಾಲ್ಕುರಿಕೆ ಹಾಗೂ ಸುತ್ತಲಿನ ಗ್ರಾಮಗಳ ಪ್ರಯಾಣಿಕರಿಗೆ ಮಾಹಿತಿ

ಸಂದರ್ಶನ, ಆಸ್ಪತ್ರೆ, ನ್ಯಾಯಾಲಯ ಮುಂತಾದ ಕಾರ್ಯಗಳಿಗಾಗಿ ಬೆಳಗಾಗುವುದರೊಳಗೆ ಬೇರೆ ಊರು ತಲುಪಬೇಕಾದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ರಾತ್ರಿಯಿಡೀ ರೈಲು ಓಡುತ್ತದೆಯೇ?
ಓಡುತ್ತದೆ. ತಿಪಟೂರು ನಿಲ್ದಾಣವು ನೈಋತ್ಯ ರೈಲ್ವೆಯ ಬೆಂಗಳೂರು-ತುಮಕೂರು-ಅರಸೀಕೆರೆ-ಹುಬ್ಬಳ್ಳಿ ಮಾರ್ಗದಲ್ಲಿದ್ದು, ಈ ಮಾರ್ಗದಲ್ಲಿ ದೂರಪ್ರಯಾಣದ ಎಕ್ಸ್‌ಪ್ರೆಸ್ ಹಾಗೂ ಸರಕು ಗಾಡಿಗಳು ರಾತ್ರಿಯೂ ಸಂಚರಿಸುತ್ತವೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಮತ್ತು ಬೆಂಗಳೂರು ಮೂಲಕ ಸಾಗುವ ಮೈಸೂರು-ತಾಳಗುಪ್ಪ ಎಕ್ಸ್‌ಪ್ರೆಸ್ ಇದಕ್ಕೆ ಉದಾಹರಣೆ. ಆದರೆ ಗಾಡಿ ಹಾದುಹೋಗುವುದು ಬೇರೆ, ನಿಲ್ಲುವುದು ಬೇರೆ. ಕರಡಿ, ಬಾಣಸಂದ್ರ, ಅಮ್ಮಸಂದ್ರ, ಹೊನ್ನವಳ್ಳಿ ರಸ್ತೆಯಂತಹ ಸಣ್ಣ ನಿಲ್ದಾಣಗಳಲ್ಲಿ ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳು ನಿಲ್ಲುವುದಿಲ್ಲ. ಹಳಿ ದುರಸ್ತಿಯ ಕಾರಣದಿಂದಲೂ ಸಮಯ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ವಿಚಾರಿಸತಕ್ಕದ್ದು.

2. ಮಧ್ಯರಾತ್ರಿಯ ದಿನಾಂಕ (ವಿಶೇಷ ಗಮನಕ್ಕೆ)
ರೈಲ್ವೆಯಲ್ಲಿ 24 ಗಂಟೆಗಳ ಗಡಿಯಾರವನ್ನು ಅನುಸರಿಸಲಾಗುತ್ತದೆ. ರಾತ್ರಿ 12 ಗಂಟೆಗೆ ದಿನಾಂಕ ಬದಲಾಗುತ್ತದೆ. ಭಾನುವಾರ ರಾತ್ರಿ ಊಟ ಮುಗಿಸಿ ಹೊರಟು 00:40ಕ್ಕೆ ಗಾಡಿ ಹತ್ತುವವರು ಸೋಮವಾರದ ದಿನಾಂಕಕ್ಕೆ ಟಿಕೆಟ್ ಕಾಯ್ದಿರಿಸಬೇಕು. ಭಾನುವಾರದ ದಿನಾಂಕ ನಮೂದಿಸಿದಲ್ಲಿ ಆ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಅಂತಹ ಟಿಕೆಟ್‌ನಲ್ಲಿ ಪ್ರಯಾಣಿಸುವುದು ಟಿಕೆಟ್ ರಹಿತ ಪ್ರಯಾಣವೆನಿಸುತ್ತದೆ.

ಟಿಕೆಟ್‌ಗೆ ಗಾಡಿ ಹತ್ತುವ ನಿಲ್ದಾಣದ ದಿನಾಂಕವೇ ಮುಖ್ಯ. ಗಾಡಿ ಎಲ್ಲಿದೆ ಎಂದು ವಿಚಾರಿಸುವಾಗ ಮಾತ್ರ ಅದು ಮೂಲ ನಿಲ್ದಾಣದಿಂದ ಹೊರಟ ದಿನಾಂಕವನ್ನು ನೀಡಬೇಕಾಗುತ್ತದೆ. ಮೈಸೂರಿನಿಂದ ಸಂಜೆ ಹೊರಡುವ ತಾಳಗುಪ್ಪ ಗಾಡಿಯು ಸಾಮಾನ್ಯವಾಗಿ ಮಧ್ಯರಾತ್ರಿಯ ನಂತರ ಈ ಭಾಗವನ್ನು ಹಾದುಹೋಗುವುದರಿಂದ ಎರಡು ದಿನಾಂಕಗಳೂ ಬೇರೆಯಾಗುತ್ತವೆ.

3. ಟಿಕೆಟ್
ಅ) 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ, ಪ್ರಯಾಣದ ದಿನವನ್ನು ಹೊರತುಪಡಿಸಿ, 60 ದಿನಗಳು.
ಆ) 199 ಕಿ.ಮೀ. ವರೆಗಿನ ಕಾಯ್ದಿರಿಸದ ಟಿಕೆಟ್ ಪಡೆದ 3 ಗಂಟೆಗಳೊಳಗೆ ಅಥವಾ ಮೊದಲ ಗಾಡಿ ಹೊರಡುವವರೆಗೆ, ಇವೆರಡರಲ್ಲಿ ಯಾವುದು ತಡವೋ ಅದರೊಳಗೆ, ಪ್ರಯಾಣ ಆರಂಭಿಸಬೇಕು. ತಿಪಟೂರು-ಬೆಂಗಳೂರು ಪ್ರಯಾಣಕ್ಕೆ ಈ ನಿಯಮ ಅನ್ವಯಿಸುತ್ತದೆ. ಸಂಜೆಯೇ ಟಿಕೆಟ್ ಪಡೆದು ಮಧ್ಯರಾತ್ರಿಯವರೆಗೆ ಕಾಯುವುದು ಸೂಕ್ತವಲ್ಲ.

4. ರಾತ್ರಿ ಪ್ರಯಾಣಿಕರ ಹಕ್ಕುಗಳು
ಅ) ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಲಗುವ ಅವಧಿ. ಮಧ್ಯದ ಬರ್ತನ್ನು ಈ ಅವಧಿಯಲ್ಲಿ ಬಳಸಬಹುದು.
ಆ) ರೈಲ್ವೆ ಕಾಯ್ದೆ 1989ರ ಕಲಂ 139ರಂತೆ, ಪುರುಷ ಪ್ರಯಾಣಿಕರ ಜೊತೆಯಿಲ್ಲದ ಮಹಿಳೆ ಅಥವಾ ಮಕ್ಕಳನ್ನು ಟಿಕೆಟ್ ಇಲ್ಲವೆಂಬ ಕಾರಣಕ್ಕೆ ರಾತ್ರಿ ವೇಳೆ ಇಳಿಸುವಂತಿಲ್ಲ. ಹಗಲಿನಲ್ಲಿಯೂ ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು.

5. ಇಳಿದ ನಂತರ
ಬೆಂಗಳೂರಿನ ನಮ್ಮ ಮೆಟ್ರೊ ರಾತ್ರಿಯಿಡೀ ಓಡುವುದಿಲ್ಲ. ನಸುಕಿನಲ್ಲಿ ಇಳಿಯುವವರು ಮೆಟ್ರೊ ಆರಂಭವಾಗುವವರೆಗೆ ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ತಂಗಬಹುದು. ತಿಪಟೂರಿನಲ್ಲಿ ಅವೇಳೆಯಲ್ಲಿ ಇಳಿದು ಹಾಲ್ಕುರಿಕೆ ಮುಂತಾದ ಗ್ರಾಮಗಳಿಗೆ ತೆರಳುವವರು ವಾಹನದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳತಕ್ಕದ್ದು.

ಹೆಚ್ಚಿನ ಮಾಹಿತಿ, ದೂರು ಹಾಗೂ ತುರ್ತು ನೆರವಿಗಾಗಿ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು.