ಅಜ್ಜಿ ಸೇರಿಕೊಂಡ ಟೇಬಲ್

ಅಪ್ಪನ ಟ್ರಂಕಿನಲ್ಲಿ ಒಂದು ಪಾರ್ಸಿಂಗ್ ನೋಟ್‌ಬುಕ್ಕಿದೆ. 1938ರದು, ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಬರೆದದ್ದು. ಮಸಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಮಾತ್ರ ಈಗಲೂ ಪೋಣಿಸಿದ ಹಾಗಿದೆ. ಪುಟಕ್ಕೊಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಒಂದೊಂದು ಪದದ ಜಾತಕ. 'ಬಾಯ್' ಅಂದರೆ ಕಾಮನ್ ನೌನ್, ಮ್ಯಾಸ್ಕ್ಯುಲಿನ್ ಜೆಂಡರ್, ಸಿಂಗ್ಯುಲರ್ ನಂಬರ್, ನಾಮಿನೇಟಿವ್ ಕೇಸ್. ನಾಮಿನೇಟಿವ್ ಬಂದಲ್ಲೆಲ್ಲ ಅಪ್ಪ ಅಂಚಿನಲ್ಲಿ ಸಣ್ಣಗೆ 'ಪ್ರಥಮಾ' ಎಂದು ಕನ್ನಡದಲ್ಲಿ ಬರೆದುಕೊಂಡಿದ್ದಾರೆ. ಪೊಸೆಸಿವ್ ಬಂದಲ್ಲಿ 'ಷಷ್ಠಿ'.

ತಿಪಟೂರಿನ ಸುತ್ತಮುತ್ತಲ ಹಳ್ಳಿಗಳ ಸರ್ಕಾರಿ ಹೈಸ್ಕೂಲುಗಳಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಇಂಗ್ಲಿಷ್ ಕಲಿಸಿದೆ. ಆ ಅಂಚಿನ ಬರಹ ನೋಡಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಇಂಗ್ಲಿಷ್ ನಾಮಪದಕ್ಕೆ ವಿಭಕ್ತಿ ಎನ್ನುವುದು ಹೆಸರಿಗಷ್ಟೇ. ವಿಭಕ್ತಿ ನಿಜವಾಗಿ ಇರುವುದು ಕನ್ನಡದಲ್ಲಿ. ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ ಎಂದು ಮೂರು ವರ್ಷದ ಕೂಸೂ ತಪ್ಪಿಲ್ಲದೆ ಹೇಳುತ್ತದೆ. ಅಪ್ಪ ತನ್ನ ನಾಲಿಗೆಯ ಮೇಲಿದ್ದ ವ್ಯಾಕರಣವನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಭಾಷೆಯ ಹೊಸಿಲು ದಾಟಿದ್ದರು. ಆದರೆ ಮೇಷ್ಟ್ರ ಕೆಂಪು ಮಸಿಯ ಗುರುತುಗಳೆಲ್ಲ ಪುಟದ ನಡುವೆ ಇವೆ. ಅಂಚಿನಲ್ಲಿ ಒಂದೂ ಇಲ್ಲ.

ಅಪ್ಪ ಓದಿದ್ದು ನೆಸ್‌ಫೀಲ್ಡ್ ಗ್ರಾಮರ್. ಜಾನ್ ಕಾಲಿನ್ಸನ್ ನೆಸ್‌ಫೀಲ್ಡ್ ಉತ್ತರದ ವಾಯವ್ಯ ಪ್ರಾಂತ್ಯ ಮತ್ತು ಅವಧ್‌ನಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥನಾಗಿದ್ದ ಬ್ರಿಟಿಷ್ ಅಧಿಕಾರಿ. 1885ರಲ್ಲಿ ಅಲ್ಲಿನ ಜಾತಿಪದ್ಧತಿಯ ಬಗ್ಗೆಯೂ ಒಂದು ಪುಸ್ತಕ ಬರೆದಿದ್ದ. ಜನರನ್ನು ಜಾತಿವಾರು ವಿಂಗಡಿಸಿದ ಕೈಯೇ ಪದಗಳನ್ನೂ ವಿಂಗಡಿಸಿತು ಅನ್ನಿಸುತ್ತದೆ ನನಗೆ. ಅವನಿಗಿಂತ ಹಿಂದೆ ಹೋದರೆ ಲಿಂಡ್ಲಿ ಮರ್ರೆ ಸಿಗುತ್ತಾನೆ. ಅಮೆರಿಕದ ವಕೀಲ, ಇಂಗ್ಲೆಂಡಿನ ಯಾರ್ಕ್‌ನಲ್ಲಿ ನೆಲೆಸಿದವನು. 1795ರಲ್ಲಿ ಅವನ ವ್ಯಾಕರಣ ಬಂತು, ಎರಡು ವರ್ಷಕ್ಕೆ ಅಭ್ಯಾಸಗಳ ಪುಸ್ತಕ. ಬೇಕೆಂದೇ ತಪ್ಪಾಗಿ ಬರೆದ ವಾಕ್ಯಗಳನ್ನು ಕೊಟ್ಟು 'ತಿದ್ದಿ' ಎನ್ನುವ ಪಾಠ ಅದು. ನಮ್ಮ ಪ್ರಶ್ನೆಪತ್ರಿಕೆಯ 'ಕರೆಕ್ಟ್ ದ ಫಾಲೋಯಿಂಗ್ ಸೆಂಟೆನ್ಸಸ್' ಎಷ್ಟು ಹಳೆಯದು ನೋಡಿ.

ಮೈಸೂರು ಸೀಮೆಗೆ ಇಂಗ್ಲಿಷ್ ಪಾಠ ಬಂದದ್ದು ಮೆಕಾಲೆಯಿಂದ ಎಂದು ಅನೇಕರು ತಿಳಿದಿದ್ದಾರೆ. ಇಲ್ಲಿ ಇಂಗ್ಲಿಷ್ ಶಿಕ್ಷಣವೇ ಬೇಕು ಎಂದ ಅವನ ಟಿಪ್ಪಣಿ 1835ರ ಫೆಬ್ರವರಿಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ರಾಜಾ ಸ್ಕೂಲು 1833ರಲ್ಲೇ ಶುರುವಾಗಿತ್ತು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಅದೇ.

ನನ್ನ ಕಾಲಕ್ಕೆ ನೆಸ್‌ಫೀಲ್ಡ್ ಹಿಂದೆ ಸರಿದು ರೆನ್ ಅಂಡ್ ಮಾರ್ಟಿನ್ ಬಂದಿತ್ತು. ಈ ಪಿ.ಸಿ. ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ಮರುಭೂಮಿಯ ಸೈನಿಕರ ಕಥೆ ಹೇಳುವ 'ಬೋ ಜೆಸ್ಟ್' ಕಾದಂಬರಿ ಬರೆದು 1924ರಲ್ಲಿ ಹೆಸರಾದವನೂ ಅವನೇ. ಐದನೇ ತರಗತಿಯಲ್ಲಿ ಎ ಬಿ ಸಿ ಶುರುಮಾಡಿದ ನಾವು ಹತ್ತನೆಯದಕ್ಕೆ ಬರುವ ಹೊತ್ತಿಗೆ 'ರಾಮ ಕಿಲ್ಡ್ ರಾವಣ' ಎಂಬುದನ್ನು ಪ್ಯಾಸಿವ್ ವಾಯ್ಸಿಗೆ ಕಣ್ಣು ಮುಚ್ಚಿ ತಿರುಗಿಸುತ್ತಿದ್ದೆವು. ಅರ್ಥ ಕೇಳಿದರೆ 'ರಾವಣನು ರಾಮನಿಂದ ಕೊಲ್ಲಲ್ಪಟ್ಟನು' ಎನ್ನುತ್ತಿದ್ದೆವು. ಮನೆಯಲ್ಲಿ ಯಾರೂ ಆಡದ ಕನ್ನಡ ಅದು. ಇಂಗ್ಲಿಷಿನ ಅಭ್ಯಾಸ ಮಾಡುತ್ತ ಮಾಡುತ್ತ ನಮ್ಮ ಕನ್ನಡದ ಮೈಯೂ ಗಡುಸಾಯಿತು. ಪೇಟೆಯ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸೋಪು ಕೇಳು ಎಂದಿದ್ದರೆ ನಮ್ಮಲ್ಲಿ ಒಬ್ಬರಿಗೂ ಬಾಯಿ ಬರುತ್ತಿರಲಿಲ್ಲ.

ನಾನೂ ಹಾಗೆಯೇ ಕಲಿಸಲು ಶುರುಮಾಡಿದೆ. ಟೆನ್ಸ್ ಹನ್ನೆರಡು ಎಂದು ಬೋರ್ಡಿನಲ್ಲಿ ಬರೆಸಿ ಬಾಯಿಪಾಠ ಮಾಡಿಸಿದೆ. ಮಕ್ಕಳು 'ದಿಸ್ ಮೈ ಬುಕ್' ಎಂದು ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಅದು ಕನ್ನಡದ ಸರಿಯಾದ ವಾಕ್ಯ ಎಂದು ಹೊಳೆಯಲು ನನಗೆ ವರ್ಷಗಳೇ ಬೇಕಾದವು. 'ಇದು ನನ್ನ ಪುಸ್ತಕ.' ಇದರಲ್ಲಿ 'ಈಸ್' ಎಲ್ಲಿದೆ? 'ಬುಕ್ ಟೇಬಲ್ ಆನ್' ಎಂದ ಮಗುವೂ 'ಪುಸ್ತಕ ಮೇಜಿನ ಮೇಲೆ' ಎನ್ನುವ ತನ್ನ ಭಾಷೆಯ ಕ್ರಮಕ್ಕೆ ನಿಷ್ಠವಾಗಿತ್ತು. ವ್ಯಾಕರಣ ಗೊತ್ತಿಲ್ಲದ ಮಗು ಎಂಬುದು ಇಲ್ಲ.

1980ರ ಬೇಸಿಗೆಯಲ್ಲಿ ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ದಕ್ಷಿಣದ ರಾಜ್ಯಗಳಿಗಾಗಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ನಾವೆಲ್ಲ ಆರ್‌ಐಇ ಎನ್ನುತ್ತೇವೆ. ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆ ಅದಕ್ಕೂ ಮೊದಲಿನದು, 1958ರದು. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದ 1981ರ ವರದಿ ಅವರದೇ ಸಮಿತಿಯದು. ಎರಡೂ ಕೆಲಸ ಒಬ್ಬರೇ ಮಾಡಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ತರಬೇತಿಯಲ್ಲಿ ರೋಲ್‌ಅಪ್ ಬೋರ್ಡು, ಫ್ಲ್ಯಾನೆಲ್ ಬೋರ್ಡು, ಫ್ಲ್ಯಾಶ್ ಕಾರ್ಡು ಎಲ್ಲ ಮಾಡಿಸಿದರು. ನಾನು ಎದೆಗವಚಿಕೊಂಡು ಊರಿಗೆ ತಂದದ್ದು ಮಾತ್ರ ಸಬ್‌ಸ್ಟಿಟ್ಯೂಷನ್ ಟೇಬಲ್ಲನ್ನು. ಅದಕ್ಕೆ ಸುಣ್ಣದ ಕಡ್ಡಿಯೊಂದು ಸಾಕು. ಬೋರ್ಡಿನಲ್ಲಿ ನಾಲ್ಕು ಕಾಲಂ ಎಳೆಯಬೇಕು. ಮೊದಲನೆಯದರಲ್ಲಿ ಮೈ ಫಾದರ್, ಮೈ ಮದರ್, ಮೈ ಸಿಸ್ಟರ್, ಅವರ್ ಟೀಚರ್. ಎರಡನೆಯದರಲ್ಲಿ 'ಈಸ್' ಒಂದೇ. ಮೂರನೆಯದರಲ್ಲಿ ಗೋಯಿಂಗ್ ಟು, ಕಮಿಂಗ್ ಫ್ರಮ್. ನಾಲ್ಕನೆಯದರಲ್ಲಿ ದ ಗಾರ್ಡನ್, ದ ಟೆಂಪಲ್, ದ ಮಾರ್ಕೆಟ್, ದ ವೆಲ್, ದ ಸ್ಕೂಲ್. ಎಡದಿಂದ ಬಲಕ್ಕೆ ಎಲ್ಲಿಂದ ಎಲ್ಲಿಗೆ ಹಾದರೂ ವಾಕ್ಯ ಸರಿಯಾಗಿಯೇ ಬರುತ್ತದೆ. ನಾಲ್ಕು, ಒಂದು, ಎರಡು, ಐದು: ಗುಣಿಸಿದರೆ 40 ವಾಕ್ಯ. 'ಈಸ್'ಗೆ ಬದಲಿ ಇಲ್ಲ, ಹಾರಿಕೊಂಡು ಹೋಗಲು ದಾರಿಯೂ ಇಲ್ಲ. ಕನ್ನಡದಲ್ಲಿ ಇಲ್ಲದ ಆ ಪದ ನಲವತ್ತು ಸಲ ನಾಲಿಗೆಗೆ ಬರುತ್ತದೆ. ನಾನು ಕೆಂಪು ಮಸಿಯಲ್ಲಿ ಮಾಡಲಾಗದ್ದನ್ನು ಆ ಒಂಟಿ 'ಈಸ್' ಮಾಡಿತು.

ಇದನ್ನು ಪುಸ್ತಕವಾಗಿ ಕಟ್ಟಿಕೊಟ್ಟವನು ಹೆರಾಲ್ಡ್ ಪಾಮರ್. ಬೆಲ್ಜಿಯಂನ ವರ್ವಿಯೇ ಊರಿನಲ್ಲಿ ಭಾಷೆ ಕಲಿಸುತ್ತಿದ್ದ ಇಂಗ್ಲಿಷಿನವನು. 1914ರಲ್ಲಿ ಜರ್ಮನ್ ಸೈನ್ಯ ನುಗ್ಗಿದಾಗ ಸಂಸಾರ ಕಟ್ಟಿಕೊಂಡು ಇಂಗ್ಲೆಂಡಿಗೆ ಓಡಿಬಂದ. ಎರಡು ವರ್ಷದಲ್ಲಿ ಇಂಥ ನೂರು ಟೇಬಲ್ಲುಗಳ ಪುಸ್ತಕ ತಂದ. 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳಿಗಾಗಿ ದುಡಿದ. ಅವನ ಜೊತೆ ಕೆಲಸ ಮಾಡಿದ ಹಾರ್ನ್‌ಬಿ ತಯಾರಿಸಿದ ನಿಘಂಟೇ ಇಂದು ನಮ್ಮ ಕಾಲೇಜು ಮಕ್ಕಳ ಕೈಯಲ್ಲಿರುವ ಆಕ್ಸ್‌ಫರ್ಡಿನ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯಾಗಿ ಬೆಳೆಯಿತು.

ತರಬೇತಿಯಲ್ಲಿ ಕಲಿತ ಈ ಪದ್ಧತಿಯಲ್ಲಿ ಕೊರತೆಯೂ ಇತ್ತು. ಮಾಡುತ್ತ ಹೇಳಬೇಕು ಎಂಬ ನಿಯಮದಿಂದ ನಾವು ಬಾಗಿಲ ಕಡೆ ನಡೆಯುತ್ತ 'ಐ ಯಾಮ್ ಗೋಯಿಂಗ್ ಟು ದ ಡೋರ್' ಎನ್ನುತ್ತಿದ್ದೆವು. ಇಡೀ ವರ್ಷ 'ಇಂಗ್' ಕೇಳಿದ ಮಕ್ಕಳು 'ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂದರು, 'ಐ ಯಾಮ್ ನೋಯಿಂಗ್' ಎಂದರು. ತಪ್ಪು ನಮ್ಮದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಮಗು ನಲವತ್ತು ವಾಕ್ಯ ಹೇಳುತ್ತದೆ, ಒಂದನ್ನೂ ಯಾರಿಗೂ ಹೇಳುವುದಿಲ್ಲ.

ಆ ಮಾತನ್ನು ಗಟ್ಟಿಯಾಗಿ ಎತ್ತಿದವರು ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ಹೊರದೇಶಗಳಲ್ಲಿ ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಪರಿಚಿತ. ವ್ಯಾಕರಣವನ್ನು ಪಾಠವಾಗಿ ಮಾಡಲೇಬೇಡಿ, ಮಕ್ಕಳಿಗೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು ಲೆಕ್ಕ ಬಿಡಿಸಲು ಹೇಳಿ, ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ಒಳಗೊಳಗೇ ಕೂಡಿಕೊಳ್ಳುತ್ತದೆ ಎಂಬುದು ಅವರ ವಾದ. ನಾನು ತಿಪಟೂರು ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಬರೆದುಕೊಂಡು ಬಂದು ಎಂಟನೆಯವರಿಗೆ ಕೊಟ್ಟೆ. ಅರಸೀಕೆರೆಗೆ ಹತ್ತು ಗಂಟೆಯೊಳಗೆ ಮುಟ್ಟಬೇಕಾದರೆ ಯಾವ ಬಸ್ಸು? ತರಗತಿಗೆ ಜೀವ ಬಂತು. ಆದರೆ ವಾದವಿವಾದವೆಲ್ಲ ಕನ್ನಡದಲ್ಲಿ ನಡೆಯಿತು, ಕೊನೆಯ ಉತ್ತರ ಮಾತ್ರ 'ಏಟ್ ತರ್ಟಿ' ಎಂದು ಇಂಗ್ಲಿಷಿನಲ್ಲಿ ಬಂತು. ಪ್ರಭು ಅವರ ದಾರಿ ತಪ್ಪೆಂದು ನಾನು ಹೇಳಲಾರೆ. ಅರವತ್ತೆಂಟು ಮಕ್ಕಳ ಕೋಣೆಯಲ್ಲಿ ನನ್ನೊಬ್ಬಳಿಂದ ಅದು ಆಗಲಿಲ್ಲ. ಟೇಬಲ್ಲಿಗೇ ಮರಳಿದೆ.

ಆ ವರ್ಷ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಜೂನ್‌ನಿಂದ ದೀಪಾವಳಿವರೆಗೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿ ತೆರೆದವಳಲ್ಲ. ಒಂದು ದಿನ ಅದೇ ಗೋಯಿಂಗ್, ಕಮಿಂಗ್ ಟೇಬಲ್ ಬರೆದು, ಒಬ್ಬೊಬ್ಬರನ್ನೇ ಎಬ್ಬಿಸುತ್ತ ಅವಳ ಹತ್ತಿರ ಬಂದೆ. ಎದ್ದು ನಿಂತಳು. ಬೋರ್ಡನ್ನೇ ನೋಡುತ್ತ ನಿಂತಳು. 'ಹೇಳಮ್ಮ, ಮೈ ಫಾದರ್ ಅಂತ ಶುರುಮಾಡು' ಎಂದೆ.

'ಮಿಸ್, ನಮ್ಮಪ್ಪ ಇಲ್ಲ. ಅಮ್ಮನೂ ಇಲ್ಲ. ಅಜ್ಜಿ ಅಂತ ಹೇಳ್ಲಾ?'

ನನಗೆ ಕೂಡಲೇ ಮಾತು ಬರಲಿಲ್ಲ. ಮೊದಲ ಕಾಲಮ್ಮಿನ ಕೆಳಗೆ 'ಮೈ ಗ್ರ್ಯಾಂಡ್‌ಮದರ್' ಎಂದು ಬರೆದೆ. ಅವಳು ಒಂದೊಂದೇ ಪದವನ್ನು ಬೆರಳಿನಿಂದ ಗಾಳಿಯಲ್ಲಿ ಮುಟ್ಟುತ್ತ ಹೇಳಿದಳು: 'ಮೈ ಗ್ರ್ಯಾಂಡ್‌ಮದರ್ ಈಸ್ ಕಮಿಂಗ್ ಫ್ರಮ್ ದ ಗಾರ್ಡನ್.' ಅವಳ ಅಜ್ಜಿ ಯಾರದೋ ತೆಂಗಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರೆಂದು ಆಮೇಲೆ ತಿಳಿಯಿತು. ಮುಂದಿನ ಬೆಂಚಿನ ಹುಡುಗನೊಬ್ಬ ಅಷ್ಟರಲ್ಲಿ ಲೆಕ್ಕ ಹಾಕಿದ್ದ. 'ಮಿಸ್, ಈಗ ಐವತ್ತಾಯ್ತು!'

ಸಂಜೆ ಬೋರ್ಡು ಒರೆಸಲು ಕೈ ಬರಲಿಲ್ಲ, ಹಾಗೇ ಬಿಟ್ಟು ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅಜ್ಜಿಯ ಕೆಳಗೆ ಯಾರೋ ಸೊಟ್ಟ ಅಕ್ಷರದಲ್ಲಿ ಇನ್ನೂ ಮೂರು ಸೇರಿಸಿದ್ದರು: ಮೈ ಅಂಕಲ್, ಮೈ ಕೌ, ಅವರ್ ಡಾಗ್.