ಮಿದುಳಿನ ಗಡ್ಡೆ ಮತ್ತು ಮೈಕ್ರೋಆರ್‌ಎನ್‌ಎ: ಸಂಶೋಧನೆ ನಡೆದು ಬಂದ ದಾರಿ

ಮಿದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಗ್ಲಿಯೋಮ ಎಂಬ ಗುಂಪು ಮುಖ್ಯವಾದುದು. ನರಕೋಶಗಳಿಗೆ ಆಧಾರವಾಗಿರುವ ಗ್ಲಿಯಾ ಜೀವಕೋಶಗಳನ್ನು ಹೋಲುವ ಕೋಶಗಳು ಹತೋಟಿ ತಪ್ಪಿ ಬೆಳೆದಾಗ ಇವು ಉಂಟಾಗುತ್ತವೆ. ಇವುಗಳಲ್ಲಿ ಅತ್ಯಂತ ಉಗ್ರವಾದ ಗ್ಲಿಯೋಬ್ಲಾಸ್ಟೋಮದ ಎಳೆಗಳು ಸುತ್ತಲಿನ ಆರೋಗ್ಯವಂತ ಭಾಗಕ್ಕೂ ಹರಡಿಕೊಂಡಿರುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಪೂರ್ತಿಯಾಗಿ ತೆಗೆಯಲಾಗದು. ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಎಂಬ ಮಾತ್ರೆಯನ್ನು ಕೊಟ್ಟರೆ ರೋಗಿಗಳ ಮಧ್ಯಮ ಬದುಕುಳಿಯುವಿಕೆ 12.1 ತಿಂಗಳಿಂದ 14.6 ತಿಂಗಳಿಗೆ ಏರುತ್ತದೆಂದು 2005ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇಷ್ಟು ಸಣ್ಣ ಏರಿಕೆಯೇ ದೊಡ್ಡ ಮುನ್ನಡೆಯೆನಿಸಿದ್ದು ಈ ರೋಗದ ಕಾಠಿಣ್ಯವನ್ನು ಹೇಳುತ್ತದೆ.

ಇದಕ್ಕೂ 12 ವರ್ಷ ಮೊದಲು, ಕ್ಯಾನ್ಸರಿಗೆ ಸಂಬಂಧವೇ ಇಲ್ಲದಂತೆ ತೋರಿದ ಒಂದು ಕೆಲಸ ಅಮೆರಿಕದಲ್ಲಿ ನಡೆದಿತ್ತು. ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಬೆಳವಣಿಗೆಯನ್ನು ಅಭ್ಯಸಿಸುತ್ತಿದ್ದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರ ತಂಡಗಳು, ಪ್ರೋಟೀನ್ ತಯಾರಿಸದ ಪುಟ್ಟ ಆರ್‌ಎನ್‌ಎ ತುಣುಕೊಂದು ಬೇರೊಂದು ಜೀನಿನ ಕೆಲಸವನ್ನು ತಡೆಯುವುದನ್ನು 1993ರಲ್ಲಿ ವರದಿ ಮಾಡಿದವು. ಮುಂದೆ ಮೈಕ್ರೋಆರ್‌ಎನ್‌ಎ ಎಂಬ ಹೆಸರು ಪಡೆದ ಇಂಥ ತುಣುಕುಗಳ ಉದ್ದ ಸುಮಾರು 22 ಘಟಕಗಳಷ್ಟೇ. ಜೀನಿನ ಆದೇಶವನ್ನು ಹೊತ್ತು ಸಾಗುವ ಸಂದೇಶವಾಹಕ ಆರ್‌ಎನ್‌ಎಗೆ ಇವು ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗದಂತೆ ನೋಡಿಕೊಳ್ಳುತ್ತವೆ. ಈ ಶೋಧಕ್ಕೆ ನೊಬೆಲ್ ಪ್ರಶಸ್ತಿ ಬಂದದ್ದು 2024ರಲ್ಲಿ.

2002ರಲ್ಲಿ ರಕ್ತದ ಒಂದು ಬಗೆಯ ಕ್ಯಾನ್ಸರಿನಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳು ಅಳಿಸಿಹೋಗಿರುವುದು ಗೊತ್ತಾದ ಬಳಿಕ ಮಿದುಳಿನ ಗಡ್ಡೆಗಳತ್ತಲೂ ಗಮನ ಹರಿಯಿತು. ಗ್ಲಿಯೋಬ್ಲಾಸ್ಟೋಮದಲ್ಲಿ ಮಿಆರ್-21 ಎಂಬ ಮೈಕ್ರೋಆರ್‌ಎನ್‌ಎ ಅತಿಯಾಗಿ ಹೆಚ್ಚಿದ್ದು, ಕೆಟ್ಟ ಕೋಶಗಳು ತಾವಾಗಿ ಸಾಯುವ ಸಹಜ ವ್ಯವಸ್ಥೆಯನ್ನು ಅದು ತಡೆಯುತ್ತದೆಂದು 2005ರಲ್ಲಿ ತಿಳಿದುಬಂತು. ನರಕೋಶಗಳನ್ನು ಪಕ್ವಗೊಳಿಸುವ ಮಿಆರ್-124 ಮತ್ತು ಮಿಆರ್-137 ಇದೇ ಗಡ್ಡೆಯಲ್ಲಿ ಕುಗ್ಗಿರುವುದು 2008ರಲ್ಲಿ ವರದಿಯಾಯಿತು. ಒಂದು ಗುಂಪು ಗಡ್ಡೆಯನ್ನು ಬೆಳೆಸಿದರೆ ಇನ್ನೊಂದು ಅದನ್ನು ಅದುಮಿಡುತ್ತದೆ ಎಂಬ ತಿಳಿವಳಿಕೆ ಹೀಗೆ ರೂಪುಗೊಂಡಿತು.

ಈ ಕ್ಷೇತ್ರಕ್ಕೆ ಕರ್ನಾಟಕದಿಂದ ಸಂದ ಕೊಡುಗೆ ಗಟ್ಟಿಯಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ಪ್ರಯೋಗಾಲಯವೂ ನಿಮ್ಹಾನ್ಸ್‌ನ ನರರೋಗಶಾಸ್ತ್ರಜ್ಞೆ ವಾಣಿ ಸಂತೋಷ್ ಅವರ ವಿಭಾಗವೂ ಕೂಡಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕುಗಳನ್ನು ಗಡ್ಡೆಯಿಲ್ಲದ ಮಿದುಳಿನ ಅಂಗಾಂಶದೊಡನೆ ಹೋಲಿಸಿದವು. ಮೂರನೆಯ ದರ್ಜೆಯ ಗಡ್ಡೆಯನ್ನು ಗ್ಲಿಯೋಬ್ಲಾಸ್ಟೋಮದಿಂದ ಬೇರ್ಪಡಿಸಬಲ್ಲ 23 ಮೈಕ್ರೋಆರ್‌ಎನ್‌ಎಗಳ ಗುರುತನ್ನು ಅವರು 2010ರಲ್ಲಿ ಮುಂದಿಟ್ಟರು; ಸೂಕ್ಷ್ಮದರ್ಶಕದಲ್ಲಿ ಗೊಂದಲವಾಗಬಹುದಾದ ಕಡೆ ಇಂಥ ಗುರುತು ಬೆಲೆಬಾಳುತ್ತದೆ. ಅಮೆರಿಕದಲ್ಲಿ ಸಂಗ್ರಹವಾದ 222 ರೋಗಿಗಳ ಮಾಹಿತಿಯನ್ನು ಬಳಸಿ, ರೋಗಿಯ ಆಯುಷ್ಯವನ್ನು ಅಂದಾಜಿಸುವ 10 ಮೈಕ್ರೋಆರ್‌ಎನ್‌ಎಗಳ ಗುರುತನ್ನು ಸೋಮಸುಂದರಂ ಅವರ ತಂಡ 2011ರಲ್ಲಿ ಪ್ರಕಟಿಸಿತು. 2013ರಲ್ಲಿ, ಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಪ್ರೋಟೀನನ್ನು ಮಿಆರ್-219 ಹತ್ತಿಕ್ಕುತ್ತದೆಂದೂ ಗ್ಲಿಯೋಬ್ಲಾಸ್ಟೋಮದಲ್ಲಿ ಈ ಮೈಕ್ರೋಆರ್‌ಎನ್‌ಎಯೇ ಕುಗ್ಗಿರುತ್ತದೆಂದೂ ತೋರಿಸಿಕೊಟ್ಟಿತು. ಆಸ್ಪತ್ರೆಯೂ ಪ್ರಯೋಗಾಲಯವೂ ಒಂದೇ ಊರಿನಲ್ಲಿದ್ದು ಪರಸ್ಪರ ನಂಬಿಕೆಯಿಂದ ದುಡಿದುದೇ ಈ ಕೆಲಸದ ನಿಜವಾದ ಬಲ.

ರೋಗನಿರ್ಣಯದಲ್ಲಿ ಮೈಕ್ರೋಆರ್‌ಎನ್‌ಎ ಈಗಾಗಲೇ ಒಂದು ಸ್ಥಾನ ಪಡೆದಿದೆ. ಎಳೆಯ ಮಕ್ಕಳಲ್ಲಿ ಕಾಣುವ ಒಂದು ವಿರಳ, ಮಾರಕ ಗಡ್ಡೆಯ ಬಹುಪಾಲು ಪ್ರಕರಣಗಳಲ್ಲಿ 19ನೇ ವರ್ಣತಂತುವಿನ ಮೈಕ್ರೋಆರ್‌ಎನ್‌ಎ ಗೊಂಚಲೊಂದು ಹಲವು ಪಟ್ಟು ಹೆಚ್ಚಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಆ ಗಡ್ಡೆಯನ್ನು ಗುರುತಿಸಲು ಇದನ್ನೂ ಬಳಸುತ್ತದೆ.

ಚಿಕಿತ್ಸೆಯ ಹಾದಿ ಮಾತ್ರ ಕಡಿದಾಗಿದೆ. ರಕ್ತದಿಂದ ಮಿದುಳಿಗೆ ಬೇಡದ ವಸ್ತುಗಳು ಹೋಗದಂತೆ ತಡೆಯುವ ರಕ್ತನಾಳಗಳ ಬಿಗಿಯಾದ ಒಳಪದರವು ಔಷಧಿಗಳನ್ನೂ ತಡೆಯುತ್ತದೆ. ಒಂದು ಮೈಕ್ರೋಆರ್‌ಎನ್‌ಎ ನೂರಾರು ಜೀನುಗಳನ್ನು ಮುಟ್ಟುವುದರಿಂದ ಗುರಿಯಾಚೆಯ ಪರಿಣಾಮಗಳೂ ಆಗುತ್ತವೆ. ಯಕೃತ್ತಿನ ಮತ್ತಿತರ ಕ್ಯಾನ್ಸರುಗಳಿಗಾಗಿ 2013ರಲ್ಲಿ ಆರಂಭವಾದ ಮಿಆರ್-34 ಆಧಾರಿತ ಔಷಧಿಯ ಪ್ರಯೋಗವನ್ನು ರೋಗನಿರೋಧ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಆದ್ದರಿಂದ ಮೈಕ್ರೋಆರ್‌ಎನ್‌ಎಯನ್ನು ಸದ್ಯಕ್ಕೆ ಮದ್ದೆಂದು ಎಣಿಸುವುದಕ್ಕಿಂತ ಗಡ್ಡೆಯ ಸ್ವಭಾವವನ್ನು ಓದುವ ಸಾಧನವೆಂದು ಎಣಿಸುವುದೇ ಸರಿ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ರೋಗಿಗಳಿಗೆ ನಿಮ್ಹಾನ್ಸ್ ಕೆಲವೇ ಗಂಟೆಗಳ ದಾರಿ. ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಂಡ ಮೂರ್ಛೆಯನ್ನೂ ದಿನದಿನಕ್ಕೆ ಹೆಚ್ಚುವ ತಲೆನೋವನ್ನೂ ಕಡೆಗಣಿಸದೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಗಡ್ಡೆಯ ತುಣುಕನ್ನು ಸಂಶೋಧನೆಗೆ ಕೊಡುವ ಒಪ್ಪಿಗೆ ಪತ್ರ ಮುಂದೆ ಬಂದರೆ ಮನೆಯವರು ಅದನ್ನು ಕನ್ನಡದಲ್ಲಿ ವಿವರಿಸಿ ಹೇಳುವಂತೆ ಕೇಳಿ, ಅರ್ಥ ಮಾಡಿಕೊಂಡು, ಮನಸ್ಸೊಪ್ಪಿದರೆ ಸಹಿ ಹಾಕಬೇಕು.